ಸ್ವದೋಷನಿವೇದನೆ: ಶ್ರೀ ಜಗನ್ನಾಥದಾಸರ ಚರಿತ್ರೆಯಿಂದ ಒಂದು ಪಾಠ

ಭಾದ್ರಪದ ಶುದ್ಧ ನವಮಿಯು ಶ್ರೀ ಜಗನ್ನಾಥದಾಸರ (1728–1809) ಆರಾಧನೆಯ ಪುಣ್ಯದಿನ. ಹರಿಕಥಾಮೃತಸಾರದ ಸಂಧಿಗಳನ್ನು ನಿತ್ಯವೂ ಪಠಿಸುವ ಮನೆಗಳು ನಮ್ಮ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳಲ್ಲಿ ಅನೇಕವಿವೆ. ಗ್ರಂಥವನ್ನು ಪಾರಾಯಣ ಮಾಡುವ ನಾವು, ಗ್ರಂಥಕರ್ತರ ಜೀವನದಲ್ಲಿ ನಡೆದ ಒಂದು ಪ್ರಸಂಗವನ್ನೂ ಅಷ್ಟೇ ಶ್ರದ್ಧೆಯಿಂದ ಮನನ ಮಾಡಬೇಕಾಗಿದೆ.

ಮಾನವಿಯ ಸಮೀಪದ ಬ್ಯಾಗವಟ್ಟಿಯಲ್ಲಿ ಜನಿಸಿದ ಶ್ರೀನಿವಾಸಾಚಾರ್ಯರು ಸಂಸ್ಕೃತದಲ್ಲಿ ಉದ್ದಾಮ ಪಂಡಿತರು. ಕನ್ನಡದಲ್ಲಿ ಹಾಡಿ ಕುಣಿಯುವ ದಾಸರೆಂದರೆ ಅವರಿಗೆ ತಾತ್ಸಾರ. ಶ್ರೀ ವಿಜಯದಾಸರು ತಮ್ಮ ಸಂತರ್ಪಣೆಗೆ ಅವರನ್ನು ಆದರದಿಂದ ಆಹ್ವಾನಿಸಿದಾಗ, ಆಚಾರ್ಯರು ಹೊಟ್ಟೆನೋವಿನ ನೆಪ ಹೇಳಿ ಮನೆಯಲ್ಲಿಯೇ ಭೋಜನ ಮಾಡಿದರು. ನೆಪವಾಗಿ ಹೇಳಿದ ವ್ಯಾಧಿಯು ನಿಜವಾಗಿಯೇ ಬಂದೊದಗಿತು, ಔಷಧಗಳಿಗೆ ಬಗ್ಗಲಿಲ್ಲ. ಕೊನೆಗೆ ಅವರು ವಿಜಯದಾಸರಲ್ಲಿಗೇ ಹೋಗಿ ಅಪರಾಧವನ್ನು ಒಪ್ಪಿಕೊಂಡರು. ವಿಜಯದಾಸರು ಅವರನ್ನು ತಮ್ಮ ಶಿಷ್ಯರಾದ ಗೋಪಾಲದಾಸರಲ್ಲಿಗೆ ಕಳುಹಿಸಿದರು. ಗೋಪಾಲದಾಸರು ತಮ್ಮ ಆಯುಷ್ಯದ 40 ವರ್ಷಗಳನ್ನು ಅವರಿಗೆ ಧಾರೆಯೆರೆದರೆಂದು ದಾಸಪರಂಪರೆಯು ಹೇಳುತ್ತದೆ. ಹೀಗೆ ಉಳಿದ ಆಚಾರ್ಯರೇ ಜಗನ್ನಾಥದಾಸರಾದರು.

ಈ ಕಥೆಯನ್ನು ನಾವು ಸಾಮಾನ್ಯವಾಗಿ ಗುರುಮಹಿಮೆಯ ದೃಷ್ಟಾಂತವಾಗಿ ಕೇಳುತ್ತೇವೆ. ಅದು ಸರಿಯೇ. ಆದರೆ ಇದರಲ್ಲಿ ನಮ್ಮ ಸಂಸಾರಕ್ಕೆ ನೇರವಾಗಿ ತಟ್ಟುವ ಮತ್ತೊಂದು ಪಾಠವೂ ಇದೆ.

ನೆಪದ ಹಿಂದಿರುವ ದೋಷ

ಆಚಾರ್ಯರು ಹೇಳಿದ್ದು ಮೇಲ್ನೋಟಕ್ಕೆ ಸಣ್ಣ ಸುಳ್ಳು. ಅದರ ಹಿಂದೆ ಅಡಗಿದ್ದ ಗರ್ವ ಮಾತ್ರ ದೊಡ್ಡದು. ಹೊಲಮನೆಗಳ ಪಾಲಿನಲ್ಲಿ ಅಣ್ಣತಮ್ಮಂದಿರಿಗೆ ಮನಸ್ತಾಪವಾದ ಮೇಲೆ, ಅಣ್ಣನ ಮನೆಯ ಮುಂಜಿಗೆ ತಮ್ಮನು “ಪ್ರಕೃತಿ ಸರಿಯಿಲ್ಲ” ಎಂದು ಹೇಳಿಕಳುಹಿಸುವುದಿಲ್ಲವೇ? ಮಗನು ಪರೀಕ್ಷೆಯಲ್ಲಿ ಸೋತದ್ದು, ಸಾಲ ಬೆಳೆದದ್ದು, ಮಗಳ ಸಂಸಾರ ಹದಗೆಟ್ಟದ್ದು ಇವೆಲ್ಲವನ್ನೂ ಮುಚ್ಚಲು ಎಷ್ಟು ನೆಪಗಳನ್ನು ಹೂಡುತ್ತೇವೆ! ಮುಚ್ಚಿದ್ದು ಗುಣವಾಗುವುದಿಲ್ಲ, ಒಳಗೊಳಗೇ ಬಲಿಯುತ್ತದೆ.

ರಬಕವಿ-ಬನಹಟ್ಟಿಯ ನೇಕಾರ ಬಂಧುಗಳಿಗೆ ಇದು ಚೆನ್ನಾಗಿ ತಿಳಿದ ಮಾತು. ಹಾಸಿನಲ್ಲಿ ಒಂದು ಎಳೆ ಹರಿದಾಗ ಮಗ್ಗ ನಿಲ್ಲಿಸಿ ಗಂಟು ಹಾಕಿದರೆ ದೋಷವು ಅಲ್ಲಿಗೇ ಮುಗಿಯುತ್ತದೆ. ಕಂಡೂ ಕಾಣದಂತೆ ನೇಯ್ದರೆ ಆ ಬಿರುಕು ಬಟ್ಟೆಯ ಉದ್ದಕ್ಕೂ ಸಾಗುತ್ತದೆ.

ಶಾಸ್ತ್ರದ ನಿಲುವು

ಸರ್ವದೋಷದೂರನೂ ಗುಣಪರಿಪೂರ್ಣನೂ ಆದ ಸ್ವತಂತ್ರನು ಶ್ರೀಹರಿಯೊಬ್ಬನೇ ಎಂಬುದು ಶ್ರೀಮದಾಚಾರ್ಯರ ಸಿದ್ಧಾಂತದ ತಿರುಳು. ಹಾಗಿರುವಾಗ ನಮ್ಮಂಥ ಅಲ್ಪಜೀವರು “ನನ್ನಲ್ಲಿ ತಪ್ಪೇ ಇಲ್ಲ” ಎನ್ನುವುದು ಬರಿಯ ಹಮ್ಮಲ್ಲ, ತತ್ತ್ವಕ್ಕೇ ವಿರುದ್ಧವಾದ ಮಾತು. “ಎಲ್ಲವನ್ನೂ ಅವನೇ ಮಾಡಿಸಿದ, ನನ್ನದೇನು?” ಎಂದು ಜಾರಿಕೊಳ್ಳುವುದಕ್ಕೂ ಅವಕಾಶವಿಲ್ಲ. ಜೀವನ ಕರ್ತೃತ್ವವು ಪರಾಧೀನವಾದರೂ ಸುಳ್ಳಲ್ಲ. ಇಲ್ಲದಿದ್ದರೆ ಶಾಸ್ತ್ರದ ವಿಧಿನಿಷೇಧಗಳೇ ವ್ಯರ್ಥವಾಗುತ್ತಿದ್ದವು. ಬ್ರಹ್ಮಸೂತ್ರದ ಎರಡನೆಯ ಅಧ್ಯಾಯದಲ್ಲಿ ಈ ವಿಚಾರವು ನಿರ್ಣೀತವಾಗಿದೆ.

ಸಂಧ್ಯಾವಂದನೆಯ ಮಂತ್ರಾಚಮನವನ್ನು ಗಮನಿಸಿರಿ. ಪ್ರಾತಃಕಾಲದಲ್ಲಿ ರಾತ್ರಿಯ ಪಾಪವನ್ನೂ ಸಾಯಂಕಾಲದಲ್ಲಿ ಹಗಲಿನ ಪಾಪವನ್ನೂ ನಿವೇದಿಸುವಾಗ, ಮನಸ್ಸು, ಮಾತು, ಕೈ, ಕಾಲು, ಉದರಗಳೆಂದು ಒಂದೊಂದನ್ನೇ ಎಣಿಸಿ ಹೇಳುತ್ತೇವೆ. “ನಾನು ಪಾಪಿ” ಎಂಬ ಒಂದೇ ಮಾತಿನಲ್ಲಿ ಮುಗಿಸುವುದಿಲ್ಲ. ಹಾಗೆ ಮುಗಿಸುವುದು ಸುಲಭ. ಅದರಲ್ಲಿ ನಿಜವಾದ ತಪ್ಪು ತಲೆಮರೆಸಿಕೊಳ್ಳುತ್ತದೆ. ಇಂದು ಯಾರ ಮೇಲೆ ನಾಲಿಗೆ ಹರಿಯಿತು, ಯಾರ ಹಣವನ್ನು ಕೊಡದೆ ಸತಾಯಿಸಿದೆ ಎಂದು ಗುರುತಿಸಿ ಒಪ್ಪಿಕೊಳ್ಳುವುದು ಕಷ್ಟ, ಫಲವಿರುವುದು ಅದರಲ್ಲಿಯೇ. ಮನುಸ್ಮೃತಿಯ 11ನೆಯ ಅಧ್ಯಾಯವೂ ಪಾಪವನ್ನು ಹೇಳಿಕೊಳ್ಳುವುದನ್ನು, ಪಶ್ಚಾತ್ತಾಪವನ್ನು, ಮತ್ತೆ ಹಾಗೆ ಮಾಡೆನೆಂಬ ನಿಶ್ಚಯವನ್ನು ಶುದ್ಧಿಯ ಮಾರ್ಗವಾಗಿ ಹೇಳುತ್ತದೆ.

ಯಾರಲ್ಲಿ ಹೇಳಬೇಕು?

ದೋಷವನ್ನು ಒಪ್ಪಿಕೊಳ್ಳುವುದೆಂದರೆ ಕಟ್ಟೆಯ ಮೇಲೆ ಕುಳಿತು ಮನೆಯ ರಗಳೆಯನ್ನು ಸಾರುವುದಲ್ಲ. ತನ್ನ ತಪ್ಪಿನ ಜೊತೆಗೆ ಪರರ ಗುಟ್ಟನ್ನು ಬಯಲಿಗೆಳೆಯುವುದು ಇನ್ನೊಂದು ಅಪರಾಧ. ಆಚಾರ್ಯರು ನಡೆದುಕೊಂಡ ರೀತಿಯನ್ನು ನೋಡಿರಿ. ಯಾರನ್ನು ಅವಮಾನಿಸಿದ್ದರೋ ಅವರ ಬಳಿಗೇ ಹೋದರು. ಅವರು ತೋರಿದ ದಾರಿಯಲ್ಲಿ, ತಮಗಿಂತ ಓದಿನಲ್ಲಿ ಕಡಿಮೆಯೆಂದು ಹಿಂದೆ ಎಣಿಸಿದ್ದ ದಾಸವರ್ಗದವರ ಮುಂದೆಯೇ ಕೈಯೊಡ್ಡಿದರು. ನೋವನ್ನು ಹೇಳಿಕೊಂಡದ್ದರಿಂದಲೇ ನೆರವು ದೊರೆಯಿತು.

ಕೇಳುವವರಿಗೂ ಇಲ್ಲಿ ಹೊಣೆಯಿದೆ. ವಿಜಯದಾಸರು ಹಂಗಿಸಲಿಲ್ಲ, ಗೋಪಾಲದಾಸರು ಲೆಕ್ಕ ಹಾಕಲಿಲ್ಲ. ನಮ್ಮ ಮನೆಗಳಲ್ಲಿ ಮಕ್ಕಳು ತಪ್ಪನ್ನು ಮುಚ್ಚಿಡುವುದು ಅನೇಕ ಸಲ ಹಿರಿಯರ ಬಾಯಿಗೆ ಹೆದರಿ. ಸತ್ಯ ಹೇಳಿದ ಸೊಸೆಯನ್ನು ವರ್ಷಗಟ್ಟಲೆ ಚುಚ್ಚುವ ಮನೆಯಲ್ಲಿ ಮುಂದೆ ಸತ್ಯವೇ ಹುಟ್ಟುವುದಿಲ್ಲ.

ನಮ್ಮ ದಾಸಪರಂಪರೆಯು ಇಂಥ ಸಂಗತಿಗಳನ್ನು ಬಚ್ಚಿಡಲಿಲ್ಲವೆಂಬುದು ಅಭಿಮಾನದ ವಿಷಯ. ನಮ್ಮ ಜಿಲ್ಲೆಯ ಬಾಗಲಕೋಟೆಯ ಶ್ರೀ ಪ್ರಸನ್ನ ವೆಂಕಟದಾಸರು ಬಾಲ್ಯದಲ್ಲಿ ತಂದೆತಾಯಿಯರನ್ನು ಕಳೆದುಕೊಂಡು, ಅತ್ತಿಗೆಯ ಬಿರುನುಡಿಗೆ ನೊಂದು ತಿರುಪತಿಯ ದಾರಿ ಹಿಡಿದರೆಂಬುದನ್ನು ಭಕ್ತರು ಇಂದಿಗೂ ಹೇಳುತ್ತಾರೆ. ಮನೆಯ ಕಲಹವಾಗಲಿ ಪಂಡಿತರ ಗರ್ವವಾಗಲಿ ಅವರ ಚರಿತ್ರೆಗೆ ಕಳಂಕವಾಗಲಿಲ್ಲ. ಹರಿಕೃಪೆಯು ಎಂಥ ನೆಲದಲ್ಲಿ ಮೊಳೆಯಿತೆಂಬುದಕ್ಕೆ ಅವೇ ಸಾಕ್ಷಿಯಾದವು.

ಈ ಆರಾಧನೆಯಂದು ಪಾರಾಯಣ, ಭಜನೆ, ಅಲಂಕಾರ ಪಂಕ್ತಿಗಳು ಯಥಾಶಕ್ತಿ ನಡೆಯಲಿ. ಅದರೊಡನೆ ಪ್ರತಿಯೊಬ್ಬರೂ, ಮಾತು ಬಿಟ್ಟ ಒಬ್ಬ ಬಂಧುವನ್ನು ನೆನೆದು, ಆತನ ಮನೆಗೆ ಹೋಗಿ, ನೆಪವಿಲ್ಲದೆ ತಮ್ಮ ಪಾಲಿನ ತಪ್ಪನ್ನು ಹೇಳಿ, ಊಟಕ್ಕೆ ಕರೆದು ಬರಲಿ. ದಾಸರಾಯರಿಗೆ ಇದಕ್ಕಿಂತ ಪ್ರಿಯವಾದ ಸೇವೆ ಇರಲಾರದು.

|| ಶ್ರೀಕೃಷ್ಣಾರ್ಪಣಮಸ್ತು ||