ಹಂಪೆಯಲ್ಲಿ ಕಾಲ್ನಡಿಗೆಯ ಪಾಠ

ನಮ್ಮ ಶಾಲೆಯಲ್ಲಿ ಓದಿ ಹೋದವರಲ್ಲಿ ಅನೇಕರು ಈಗ ತಾಯಂದಿರಾಗಿ, ರಜೆಯ ದಿನಗಳಲ್ಲಿ ಮಕ್ಕಳನ್ನು ಕರೆದುಕೊಂಡು ಹಂಪೆಗೆ ಹೋಗಿಬರುವರು. ಏನೇನು ನೋಡಿದಿರೆಂದು ಕೇಳಿದರೆ, ಕಲ್ಲಿನ ರಥ, ಕಮಲ ಮಹಲ್, ರಾಣಿಯ ಸ್ನಾನಗೃಹ ಎಂದು ಹೆಸರುಗಳನ್ನು ಸಾಲಾಗಿ ಹೇಳುವರು. ಅದು ರಾಣಿಯದೆಂದು ಹೇಗೆ ತಿಳಿಯಿತೆಂದು ಮತ್ತೆ ಕೇಳಿದರೆ, ಮಾರ್ಗದರ್ಶಕರು ಹೇಳಿದರೆಂಬುದೇ ಉತ್ತರವಾಗಿರುವುದು. ಈ ಎರಡನೆಯ ಪ್ರಶ್ನೆಯೇ ನಮ್ಮ ಪಾಠದ ವಿಷಯ.

ಹಂಪೆಯು ತುಂಗಭದ್ರಾ ನದಿಯ ದಕ್ಷಿಣ ದಡದಲ್ಲಿ, ಹೊಸಪೇಟೆಗೆ ಸಮೀಪದಲ್ಲಿ, 2021ರಲ್ಲಿ ರಚಿತವಾದ ವಿಜಯನಗರ ಜಿಲ್ಲೆಗೆ ಸೇರಿರುತ್ತದೆ. 1336ರಲ್ಲಿ ಸ್ಥಾಪಿತವಾಯಿತೆಂದು ಪರಂಪರೆಯು ಹೇಳುವ ವಿಜಯನಗರ ರಾಜ್ಯಕ್ಕೆ ಇದು ರಾಜಧಾನಿಯಾಗಿದ್ದು, 1565ರ ಜನವರಿಯಲ್ಲಿ ನಡೆದ ರಕ್ಕಸತಂಗಡಿ ಯುದ್ಧದ ತರುವಾಯ ಸೂರೆಯಾಗಿ ಹಾಳಾಯಿತು. 1986ರಲ್ಲಿ ಇದನ್ನು ವಿಶ್ವಪರಂಪರೆಯ ತಾಣಗಳಲ್ಲಿ ಸೇರಿಸಿದರು. ಇಷ್ಟು ಸಂಗತಿಗಳನ್ನು ಯಾವ ಪುಸ್ತಕದಲ್ಲಾದರೂ ಓದಬಹುದು. ಆದರೆ ನಡೆದು ನೋಡುವಾಗ ಕಿವಿಗೆ ಬೀಳುವ ಮಾತುಗಳನ್ನು ಬೇರ್ಪಡಿಸಿ ತಿಳಿಯುವ ಬಗೆಯನ್ನು ಅಭ್ಯಾಸದಿಂದಲೇ ಕಲಿಯಬೇಕು.

ಮಾರ್ಗದರ್ಶಕರು ಹೇಳುವ ಮಾತುಗಳು ಮೂರು ಬಗೆಯವು. ಮೊದಲನೆಯದು, ಕಲ್ಲೇ ಹೇಳುವ ಮಾತು; ಅಂದರೆ ಶಾಸನದಲ್ಲಿ ಕೆತ್ತಿದ್ದು, ಅಥವಾ ಕಟ್ಟಡದ ರಚನೆಯಿಂದ ಸ್ಪಷ್ಟವಾಗಿ ತೋರುವುದು. ಎರಡನೆಯದು, ಆ ಕಾಲದಲ್ಲಿ ಬಂದು ಕಂಡವರು ಬರೆದಿಟ್ಟ ಮಾತು. ಮೂರನೆಯದು, ಊರಿನವರು ತಲೆತಲಾಂತರದಿಂದ ಹೇಳುತ್ತ ಬಂದ ಮಾತು. ಮೂರಕ್ಕೂ ಬೆಲೆಯುಂಟು, ಆದರೆ ಒಂದೇ ಬೆಲೆಯಲ್ಲ. ಆದಕಾರಣ ಪ್ರತಿಯೊಂದು ಸ್ಥಳದಲ್ಲಿಯೂ ವಿನಯದಿಂದ, 'ಇದು ಶಾಸನದಲ್ಲಿದೆಯೇ, ಯಾರಾದರೂ ಕಂಡು ಬರೆದರೇ, ಅಥವಾ ಜನರು ಹೇಳುವುದೇ?' ಎಂದು ಕೇಳತಕ್ಕದ್ದು. ಒಳ್ಳೆಯ ಮಾರ್ಗದರ್ಶಕರಿಗೆ ಈ ಪ್ರಶ್ನೆಯಿಂದ ಬೇಸರವಾಗದು. ಕೇಳುವವರು ದೊರೆತರೆಂದು ಅವರು ಇನ್ನೂ ಉತ್ಸಾಹದಿಂದ ಹೇಳುವರು.

1. ವಿರೂಪಾಕ್ಷನ ಗುಡಿಯಿಂದ ನರಸಿಂಹನವರೆಗೆ

ಬೆಳಗಿನ ತಂಪಿನಲ್ಲಿ ವಿರೂಪಾಕ್ಷ ದೇವಾಲಯದಿಂದ ಹೊರಡುವುದು ಯುಕ್ತ. ಪಟ್ಟಣವು ಹಾಳಾದರೂ ಇಲ್ಲಿ ಪೂಜೆಯು ಇಂದಿಗೂ ನಡೆಯುತ್ತಿದೆ. ರಂಗಮಂಟಪದ ಬಳಿಯಲ್ಲಿ ನಿಲ್ಲಿಸಿರುವ ಶಿಲಾಶಾಸನವು, ಕೃಷ್ಣದೇವರಾಯನು 1509-10ರ ಸುಮಾರಿನಲ್ಲಿ ತನ್ನ ಪಟ್ಟಾಭಿಷೇಕದ ಸಂದರ್ಭದಲ್ಲಿ ಆ ಮಂಟಪವನ್ನು ಕಟ್ಟಿಸಿದನೆಂದು ತಿಳಿಸುತ್ತದೆ. ಇದು ಮೊದಲನೆಯ ಬಗೆಯ ಮಾತಿಗೆ ಉತ್ತಮ ಉದಾಹರಣೆ: ಕಟ್ಟಿಸಿದವನು ಯಾರು, ಯಾವಾಗ, ಏತಕ್ಕೆ ಎಂಬ ಮೂರು ಪ್ರಶ್ನೆಗಳಿಗೂ ಕಲ್ಲೇ ಉತ್ತರ ಕೊಡುತ್ತದೆ. ಗುಡಿಯ ಹಿಂಭಾಗದ ಕತ್ತಲೆಯ ಕೋಣೆಯೊಂದರಲ್ಲಿ ದೊಡ್ಡ ಗೋಪುರದ ನೆರಳು ತಲೆಕೆಳಗಾಗಿ ಗೋಡೆಯ ಮೇಲೆ ಬೀಳುವುದನ್ನು ಮಕ್ಕಳಿಗೆ ತಪ್ಪದೆ ತೋರಿಸಬೇಕು. ಇದನ್ನು ಪವಾಡವೆಂದು ಹೇಳುವವರುಂಟು. ಬೆಳಕು ನೇರವಾಗಿ ಚಲಿಸುವುದರಿಂದ, ಸಣ್ಣ ರಂಧ್ರದ ಮೂಲಕ ಬಂದಾಗ ಮೇಲಿನದು ಕೆಳಕ್ಕೂ ಕೆಳಗಿನದು ಮೇಲಕ್ಕೂ ಬೀಳುವುದೆಂಬ ವಿಜ್ಞಾನದ ಪಾಠವನ್ನು ನೆನಪಿಗೆ ತಂದರೆ ಮಕ್ಕಳ ಆಶ್ಚರ್ಯವು ಕಡಮೆಯಾಗುವುದಿಲ್ಲ, ಹೆಚ್ಚುತ್ತದೆ.

ಗೋಪುರದ ಮುಂದೆ ಸುಮಾರು ಅರ್ಧ ಮೈಲಿ ಉದ್ದದ ಬಜಾರಿನ ಬೀದಿಯು ಪೂರ್ವದ ಕಡೆಗೆ, ಒಂದೇ ಬಂಡೆಯ ದೊಡ್ಡ ಬಸವಣ್ಣನವರೆಗೆ ಹಬ್ಬಿದೆ. ಇದರ ಇಕ್ಕೆಲದ ಮಂಟಪಗಳಲ್ಲಿ ಬಹು ವರ್ಷಗಳಿಂದ ವಾಸವಾಗಿದ್ದ ಸಂಸಾರಗಳನ್ನು 2011ರಲ್ಲಿ ತೆರವುಗೊಳಿಸಿದರು. ಪುರಾತನ ಪಟ್ಟಣವನ್ನು ಉಳಿಸುವ ಕಾರ್ಯಕ್ಕೂ ಬೆಲೆ ತೆರುವವರು ಇದ್ದಾರೆಂಬುದನ್ನು ಇಲ್ಲಿ ನಿಂತು ಒಂದು ಗಳಿಗೆ ಯೋಚಿಸಬಹುದು.

ದಕ್ಷಿಣಕ್ಕೆ ತಿರುಗಿ ಹೇಮಕೂಟವನ್ನು ಏರಿ ಇಳಿದರೆ, ಕಡಲೆಕಾಳು ಗಣೇಶ ಮತ್ತು ಸಾಸಿವೆಕಾಳು ಗಣೇಶರ ಗುಡಿಗಳನ್ನು ದಾಟಿ ಕೃಷ್ಣ ದೇವಾಲಯಕ್ಕೆ ಬರುವೆವು. ಉದಯಗಿರಿಯ ಕೋಟೆಯನ್ನು ಗೆದ್ದ ಕೃಷ್ಣದೇವರಾಯನು ಅಲ್ಲಿಂದ ತಂದ ಬಾಲಕೃಷ್ಣನ ವಿಗ್ರಹವನ್ನು 1515ರಲ್ಲಿ ಇಲ್ಲಿ ಸ್ಥಾಪಿಸಿದನೆಂದು ಅಂಗಳದ ಶಾಸನವು ಸಾರುತ್ತದೆ. ಆ ವಿಗ್ರಹವು ಈಗ ಚೆನ್ನೈಯ ವಸ್ತುಸಂಗ್ರಹಾಲಯದಲ್ಲಿದೆ.

ಅಲ್ಲಿಂದ ಸ್ವಲ್ಪ ದೂರದಲ್ಲಿ ಒಂದೇ ಬಂಡೆಯಲ್ಲಿ ಕಡೆದ, ಸುಮಾರು 22 ಅಡಿ ಎತ್ತರದ ನರಸಿಂಹನ ಮೂರ್ತಿಯಿದೆ. ಇದರ ಶಾಸನದ ಕಾಲವು 1528. ಕೋರೆಹಲ್ಲುಗಳನ್ನೂ ಉಬ್ಬಿದ ಕಣ್ಣುಗಳನ್ನೂ ಕಂಡು ಜನರು ಇದನ್ನು ಉಗ್ರನರಸಿಂಹನೆಂದು ಕರೆಯುತ್ತ ಬಂದರು. ಆದರೆ ಮೂರ್ತಿಯ ಹಿಂಬದಿಗೆ ಬಂದು ನೋಡಿದರೆ, ಅದರ ಬೆನ್ನಿನ ಮೇಲೆ ಬಳೆ ಉಂಗುರಗಳನ್ನು ತೊಟ್ಟ ಒಂದು ಚಿಕ್ಕ ಕೈ ಕಾಣುತ್ತದೆ. ಅದು ಲಕ್ಷ್ಮಿಯ ಕೈ. ಆತನ ತೊಡೆಯ ಮೇಲೆ ಕುಳಿತಿದ್ದ ದೇವಿಯ ವಿಗ್ರಹವನ್ನು ಒಡೆದುಹಾಕಿದ್ದಾರೆ; ಕೈ ಮಾತ್ರ ಉಳಿದಿದೆ. ಹಾಗಾಗಿ ಈತನು ಉಗ್ರನಲ್ಲ, ಲಕ್ಷ್ಮೀನರಸಿಂಹನು. ತಲೆಮಾರುಗಳಿಂದ ಬಂದ ಹೆಸರನ್ನು ಆ ಒಂದು ಕೈ ತಿದ್ದಿತು. ಸೂಕ್ಷ್ಮವಾಗಿ ನೋಡುವುದರಿಂದ ಏನು ದೊರೆಯುವುದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿಯು ಹಂಪೆಯಲ್ಲಿ ಇನ್ನೊಂದಿಲ್ಲ.

ಪಕ್ಕದಲ್ಲಿಯೇ ನೀರಿನಲ್ಲಿ ನಿಂತಿರುವ ದೊಡ್ಡ ಲಿಂಗಕ್ಕೆ ಬಡವಿಲಿಂಗವೆಂದು ಹೆಸರು. ಬಡ ಹೆಂಗಸೊಬ್ಬಳು ಇದನ್ನು ಮಾಡಿಸಿದಳೆಂದು ಹೇಳುವರು. ಇದು ಮೂರನೆಯ ಬಗೆಯ ಮಾತು. ಇದನ್ನು ಚರಿತ್ರೆಯೆಂದು ಮಕ್ಕಳಿಗೆ ಕಲಿಸಬಾರದು. ಆದರೂ ರಾಜರ ಹೆಸರುಗಳೇ ತುಂಬಿರುವ ಪಟ್ಟಣದಲ್ಲಿ ಜನರು ಒಂದು ದೊಡ್ಡ ಲಿಂಗವನ್ನು ಬಡವಿಯೊಬ್ಬಳ ಪಾಲಿಗೆ ಇಟ್ಟರೆಂಬುದು ನೆನಪಿನಲ್ಲಿಡತಕ್ಕ ಸಂಗತಿಯೇ ಸರಿ.

2. ಅರಮನೆಯ ಆವರಣ

ಇಲ್ಲಿಂದ ಕಮಲಾಪುರದ ಕಡೆಗೆ ನಡೆದರೆ ಅರಮನೆಗಳಿದ್ದ ಭಾಗವು ದೊರೆಯುತ್ತದೆ. ಹಜಾರರಾಮ ದೇವಾಲಯದ ಗೋಡೆಗಳ ಮೇಲೆ ರಾಮಾಯಣದ ಕಥೆಯನ್ನು ಸಾಲುಸಾಲಾಗಿ ಕೆತ್ತಿದ್ದಾರೆ. ಹೊರಗಿನ ಪ್ರಾಕಾರದ ಮೇಲೆ ಆನೆ, ಕುದುರೆ, ಕಾಲಾಳು, ನರ್ತಿಸುವ ಹೆಂಗಸರು, ಹೀಗೆ ಇಡೀ ಉತ್ಸವದ ಮೆರವಣಿಗೆಯೇ ಸಾಗಿದೆ. ಅಕ್ಷರ ತಿಳಿಯದವರೂ ಓದಬಹುದಾದ ಪುಸ್ತಕವಿದು.

ಉತ್ತರಕ್ಕೆ ಎತ್ತರದ ಗೋಡೆಯಿಂದ ಸುತ್ತುವರಿದ ಆವರಣವನ್ನು 'ಜನಾನಾ' ಅಂದರೆ ರಾಣೀವಾಸವೆಂದು ಕರೆಯುವರು. ಅದರೊಳಗೆ ಕಮಾನುಗಳಿಂದ ಅಲಂಕೃತವಾದ ಎರಡಂತಸ್ತಿನ ಕಮಲ ಮಹಲ್ ಇದೆ. ರಾಣಿಯರು ಇಲ್ಲಿ ವಿಹರಿಸುತ್ತಿದ್ದರೆಂದು ಹೇಳುವುದನ್ನು ಕೇಳುವೆವು. ಆದರೆ ಹಾಗೆಂದು ಹೇಳುವ ಶಾಸನವು ಒಂದೂ ಇಲ್ಲ. ಈ ಹೆಸರುಗಳು ಪಟ್ಟಣವು ಹಾಳಾದ ಎಷ್ಟೋ ಕಾಲದ ಮೇಲೆ ಬಂದವು. 1800ರ ಸುಮಾರಿಗೆ ತಯಾರಾದ ನಕ್ಷೆಯೊಂದರಲ್ಲಿ ಇದೇ ಕಟ್ಟಡಕ್ಕೆ ಮಂತ್ರಾಲೋಚನೆಯ ಭವನವೆಂಬ ಅರ್ಥದ ಹೆಸರಿದೆ. ಆವರಣದ ಪಕ್ಕದಲ್ಲಿಯೇ ಗುಮ್ಮಟಗಳುಳ್ಳ ಹನ್ನೊಂದು ಕೋಣೆಗಳ ಗಜಶಾಲೆಯೂ, ಅದರ ಮುಂದೆ ವಿಶಾಲವಾದ ಮೈದಾನವೂ ಇವೆ. ಪಟ್ಟದ ಆನೆಗಳೂ ಮಾವುತರೂ ಕಾವಲಿನವರೂ ಸದಾ ಓಡಾಡುವ ಸ್ಥಳಕ್ಕೆ ಅಂಟಿಕೊಂಡು ರಾಣೀವಾಸವನ್ನು ಇಡುತ್ತಿದ್ದರೇ ಎಂದು ವಿದ್ವಾಂಸರು ಸಂದೇಹಪಡುವುದು ನ್ಯಾಯವಾಗಿಯೇ ಇದೆ.

ದಕ್ಷಿಣದಲ್ಲಿರುವ 'ರಾಣಿಯ ಸ್ನಾನಗೃಹ'ದ ವಿಷಯವೂ ಹೀಗೆಯೇ. ಹೊರಗಿನಿಂದ ಸಾದಾ ಚೌಕವಾಗಿ ತೋರುವ ಈ ಕಟ್ಟಡದೊಳಗೆ, ಸುಂದರವಾದ ಮೊಗಸಾಲೆಗಳೂ ಚಾಚಿದ ಉಪ್ಪರಿಗೆಗಳೂ ಸುತ್ತುವರಿದ, ಸುಮಾರು 50 ಅಡಿ ಚದರದ, 6 ಅಡಿ ಆಳದ ಕೊಳವಿದೆ. ಜನಾನಾ ಎನ್ನುವ ಆವರಣಕ್ಕೂ ಇದಕ್ಕೂ ದೂರ ಬಹಳ. ರಾಣಿಯರು ಅಷ್ಟು ದೂರ ಸ್ನಾನಕ್ಕೆ ಬರುತ್ತಿದ್ದರೆಂಬುದಕ್ಕಿಂತ, ರಾಜನೂ ಆಸ್ಥಾನದವರೂ ಜಲಕ್ರೀಡೆಗೆ ಬಳಸುತ್ತಿದ್ದರೆಂಬುದು ಹೆಚ್ಚು ಸಂಭವನೀಯ.

ಈ ಎರಡರ ನಡುವೆ ಮೂರು ಅಂತಸ್ತಿನ ಮಹಾನವಮಿ ದಿಬ್ಬವಿದೆ. ಇದರ ಕೆಳಗಿನ ಪಟ್ಟಿಗಳಲ್ಲಿ ಕುದುರೆಗಳನ್ನು ನಡೆಸಿಕೊಂಡು ಬರುವ ಪರದೇಶದವರನ್ನೂ, ಬೇಟೆಯನ್ನೂ, ನೃತ್ಯವನ್ನೂ ಕಾಣಬಹುದು. ದಿಬ್ಬದ ಸಮೀಪದಲ್ಲಿ 1980ರ ದಶಕದ ಉತ್ಖನನದಲ್ಲಿ ಕಪ್ಪು ಕಲ್ಲಿನ ಮೆಟ್ಟಿಲುಗಳ ಪುಷ್ಕರಣಿಯೊಂದು ಹೊರಬಿದ್ದಿತು. ಅದರ ಕಲ್ಲುಗಳ ಮೇಲೆ, ಯಾವ ಕಲ್ಲು ಯಾವ ದಿಕ್ಕಿನ ಯಾವ ಸಾಲಿಗೆ ಸೇರತಕ್ಕದ್ದೆಂಬುದನ್ನು ತಿಳಿಸುವ ಗುರುತುಗಳಿವೆ. ಅವುಗಳಲ್ಲಿ ಕನ್ನಡದ ಅಕ್ಷರಗಳೂ ಇವೆ. ರಾಜನ ಹೊಗಳಿಕೆಗಾಗಿ ಕೆತ್ತಿದ ಅಕ್ಷರಗಳಲ್ಲ ಅವು. ಕೆಲಸಗಾರರು ಕೆಲಸಕ್ಕಾಗಿ ಬರೆದುಕೊಂಡವು.

ಹಾಗಾದರೆ ಈ ಅರಮನೆಯಲ್ಲಿ ಹೆಂಗಸರ ಗುರುತೇ ಇಲ್ಲವೇ? ಇದೆ, ಆದರೆ ನಾವು ಹುಡುಕಿದ ಕಡೆಯಲ್ಲಿಲ್ಲ. ಅಚ್ಯುತರಾಯನ ಕಾಲದಲ್ಲಿ, 1535ರ ಸುಮಾರಿಗೆ, ಫೆರ್ನಾವೊ ನೂನಿಜ್ ಎಂಬ ಪೋರ್ಚುಗೀಸ್ ಕುದುರೆ ವ್ಯಾಪಾರಿಯು ಈ ಪಟ್ಟಣದಲ್ಲಿದ್ದನು. ಅರಮನೆಯ ಬಾಗಿಲುಗಳ ಒಳಗೆ ಆಗುವ ಖರ್ಚಿನ ಲೆಕ್ಕವನ್ನೆಲ್ಲ ಹೆಂಗಸರೇ ಬರೆಯುತ್ತಿದ್ದರೆಂದೂ, ರಾಜ್ಯದ ವಿಷಯಗಳನ್ನು ಬರೆದು ಹೊರಗಿನ ಲೇಖಕರ ಪುಸ್ತಕಗಳೊಡನೆ ಹೋಲಿಸಿ ನೋಡುವ ಹೆಂಗಸರೂ ಇದ್ದರೆಂದೂ, ಕುಸ್ತಿಯಾಡುವವರೂ ಜ್ಯೋತಿಷ ಬಲ್ಲವರೂ ಸಂಗೀತಗಾರ್ತಿಯರೂ ಇದ್ದರೆಂದೂ ಅವನು ಬರೆದಿರುವನು. ನ್ಯಾಯ ವಿಚಾರಿಸುವವರೂ ರಾತ್ರಿಯ ಕಾವಲಿನವರೂ ಹೆಂಗಸರೇ ಎಂಬುದನ್ನು ಮಾತ್ರ 'ಹೀಗೆ ಹೇಳುತ್ತಾರೆ' ಎಂಬ ರೀತಿಯಲ್ಲಿ ಸೇರಿಸಿರುವನು. ತಾನು ಬಲ್ಲದ್ದನ್ನೂ ಕೇಳಿದ್ದನ್ನೂ ಅವನು ಹೀಗೆ ಬೇರೆಯಾಗಿ ಇಟ್ಟದ್ದನ್ನು ಗಮನಿಸಿರಿ. ಇದೇ ನಮ್ಮ ಎರಡನೆಯ ಬಗೆಯ ಮಾತು.

3. ನದಿಯ ದಡದಿಂದ ವಿಠ್ಠಲನ ಗುಡಿಗೆ

ಮರುದಿನ ಬೆಳಗ್ಗೆ ಬಜಾರಿನ ಪೂರ್ವದ ತುದಿಯಿಂದ ನದಿಯ ದಡದ ಕಾಲುದಾರಿಯನ್ನು ಹಿಡಿಯಬೇಕು. ಕೋದಂಡರಾಮನ ಗುಡಿಯನ್ನು ದಾಟಿ, ಬಲಗಡೆಯಲ್ಲಿ ಅಚ್ಯುತರಾಯನ ಕಾಲದ ದೊಡ್ಡ ದೇವಾಲಯವನ್ನೂ ಅದರ ಪಾಳುಬಿದ್ದ ಬೀದಿಯನ್ನೂ ನೋಡಿಕೊಂಡು, ಒಂದು ಮೈಲಿಗಿಂತ ಸ್ವಲ್ಪ ಹೆಚ್ಚು ನಡೆದರೆ ವಿಠ್ಠಲ ದೇವಾಲಯವು ಬರುತ್ತದೆ.

ಇಲ್ಲಿ ಎಲ್ಲರೂ ಕಲ್ಲಿನ ರಥದ ಕಡೆಗೆ ಧಾವಿಸುವರು. ಇದು ರಥವಲ್ಲ, ರಥದ ಆಕಾರದಲ್ಲಿ ಕಟ್ಟಿದ ಗರುಡನ ಗುಡಿ; ಒಂದೇ ಕಲ್ಲಿನದೂ ಅಲ್ಲ, ಜೋಡಿಸಿದ ಕಲ್ಲುಗಳದು. 1856ರಲ್ಲಿ ಅಲೆಗ್ಸಾಂಡರ್ ಗ್ರೀನ್‌ಲಾ ಎಂಬವನು ತೆಗೆದ ಛಾಯಾಚಿತ್ರದಲ್ಲಿ ಇದರ ಮೇಲೆ ಇಟ್ಟಿಗೆಯ ಶಿಖರವೊಂದು ಕಾಣುತ್ತದೆ, ಈಗ ಅದಿಲ್ಲ. ಮಹಾಮಂಟಪದ ಕಂಬಗಳನ್ನು ತಟ್ಟಿದರೆ ನಾದ ಹೊರಡುವುದು ನಿಜ. ಆದರೆ ಸಾವಿರಾರು ಜನರು ತಟ್ಟಿದರೆ ಕಲ್ಲೂ ಸವೆಯುವುದರಿಂದ ಕಂಬಗಳನ್ನು ಮುಟ್ಟದಿರುವುದೇ ಧರ್ಮ.

ನಮ್ಮ ನಡಿಗೆಯ ಮುಖ್ಯ ಉದ್ದೇಶವು ಈ ಗುಡಿಯ ಇನ್ನೊಂದು ವಸ್ತುವಿನಲ್ಲಿದೆ. ಅಲ್ಲಿ ಜನರ ಗುಂಪು ಸೇರುವುದಿಲ್ಲ. ಅಚ್ಯುತರಾಯನು 1533ರಲ್ಲಿ ಮಾಡಿದ ಸುವರ್ಣಮೇರು ದಾನವನ್ನು ಕುರಿತ ಸಂಸ್ಕೃತ ಶ್ಲೋಕಗಳು ಇಲ್ಲಿ ಶಾಸನವಾಗಿ ಉಳಿದಿವೆ. ಅವನ್ನು ರಚಿಸಿದವಳ ಹೆಸರು ಓದುವ ತಿರುಮಲಮ್ಮ. ಅಚ್ಯುತರಾಯನ ವಿವಾಹವನ್ನು ವರ್ಣಿಸುವ 'ವರದಾಂಬಿಕಾ ಪರಿಣಯ' ಎಂಬ ಚಂಪೂಕಾವ್ಯವನ್ನು ಬರೆದ ತಿರುಮಲಾಂಬೆಯೂ ಈಕೆಯೇ ಎಂದು ವಿದ್ವಾಂಸರು ಎಣಿಸುವರು. ಈಕೆಗಿಂತ ಮೊದಲು, ಹದಿನಾಲ್ಕನೆಯ ಶತಮಾನದಲ್ಲಿ, ತನ್ನ ಪತಿ ಕುಮಾರ ಕಂಪಣನ ದಿಗ್ವಿಜಯವನ್ನು 'ಮಧುರಾವಿಜಯ'ವೆಂಬ ಕಾವ್ಯವಾಗಿ ಬರೆದ ಗಂಗಾದೇವಿಯೂ ಇದೇ ರಾಜವಂಶದವಳು. ಆದರೆ ಗಂಗಾದೇವಿಯು ರಾಜನ ಸೊಸೆ. ತಿರುಮಲಮ್ಮನ ಹೆಸರಿಗೆ ಶಾಸನದಲ್ಲಿ ಸೇರಿರುವ ವಿಶೇಷಣವು ಆಕೆಯ ಕುಲವನ್ನಾಗಲಿ ಪತಿಯನ್ನಾಗಲಿ ಹೇಳುವುದಿಲ್ಲ. ಆಕೆಯು ಮಾಡುತ್ತಿದ್ದ ಕೆಲಸವನ್ನು ಹೇಳುತ್ತದೆ. ಓದುವವಳು ಎಂಬುದೇ ಆಕೆಯ ಗುರುತು.

ಈಗ ಎರಡು ಸಾಕ್ಷಿಗಳನ್ನು ಒಟ್ಟಿಗೆ ಇಟ್ಟು ನೋಡಿರಿ. ಒಬ್ಬನು ಸಮುದ್ರದಾಚೆಯ ವ್ಯಾಪಾರಿ. ಅರಮನೆಯಲ್ಲಿ ಬರೆಯುವ ಹೆಂಗಸರಿದ್ದರೆಂದು ಅವನು ಹೇಳುತ್ತಾನೆ. ಇನ್ನೊಂದು ಊರಿನ ಗುಡಿಯ ಕಲ್ಲು. ಓದುವ ಹೆಂಗಸಿದ್ದಳೆಂದು ಅದು ಹೇಳುತ್ತದೆ. ಎರಡೂ ಒಬ್ಬನೇ ಅರಸನ ಕಾಲದವು, ಹೆಚ್ಚು ಕಡಮೆ ಅವೇ ವರ್ಷಗಳವು. ಒಂದನ್ನು ನೋಡಿ ಮತ್ತೊಂದನ್ನು ಬರೆಯಲಿಲ್ಲ. ಹೀಗೆ ಬೇರೆ ಬೇರೆ ಬಾಯಿಗಳಿಂದ ಬಂದ ಮಾತುಗಳು ಒಂದನ್ನೊಂದು ಬೆಂಬಲಿಸಿದಾಗ ನಾವು ಧೈರ್ಯವಾಗಿ ನಂಬಬಹುದು.

4. ಪಾಠದ ಸಾರ

ಹಂಪೆಯಲ್ಲಿ ರಾಣಿಯ ಹೆಸರನ್ನು ಹೊತ್ತ ಕಟ್ಟಡಗಳಿಗೆ ರಾಣಿಯ ಸಾಕ್ಷ್ಯವಿಲ್ಲ. ಸಾಕ್ಷ್ಯವಿರುವ ಹೆಂಗಸರ ಹೆಸರಿನಲ್ಲಿಯೋ ಒಂದು ಕಟ್ಟಡವೂ ಇಲ್ಲ. ಮಾರ್ಗದರ್ಶಕರನ್ನು ಇದಕ್ಕಾಗಿ ದೂರುವುದು ಸಲ್ಲದು. ಕೇಳುವವರು ಏನನ್ನು ಬಯಸುವರೋ ಅದನ್ನೇ ಹೆಚ್ಚಾಗಿ ಹೇಳುವುದು ಎಲ್ಲ ಕಡೆಯ ರೂಢಿ. ಸ್ನಾನಗೃಹವನ್ನೂ ವಿಹಾರದ ಮಹಲನ್ನೂ ಕೇಳುವವರು ನೂರು ಮಂದಿ. ಲೆಕ್ಕ ಬರೆದವರನ್ನು ಕೇಳುವವರು ಒಬ್ಬರೂ ಇಲ್ಲ. ಕೇಳುವವರು ಹೆಚ್ಚಿದರೆ ಹೇಳುವವರೂ ಹೆಚ್ಚುವರು. ಹೆಣ್ಣುಮಕ್ಕಳ ಓದು ಬರೆಹವು ನಮ್ಮ ನಾಡಿಗೆ ನಿನ್ನೆ ಮೊನ್ನೆ ಹೊರಗಿನಿಂದ ಬಂದ ಹೊಸ ಪದ್ಧತಿಯೆಂದು ಮಾತನಾಡುವವರು ಇಂದಿಗೂ ಇದ್ದಾರೆ. ಎಲ್ಲರ ಮನೆಯ ಹೆಣ್ಣುಮಕ್ಕಳಿಗೂ ಅಂದು ಆ ಭಾಗ್ಯವಿತ್ತೆಂದು ನಾವು ಹೇಳಲಾರೆವು. ಹಾಗೆ ಹೇಳಿದರೆ ನಮ್ಮ ಪಾಠಕ್ಕೆ ನಾವೇ ವಿರೋಧವಾಗಿ ನಡೆದಂತಾಗುವುದು. ಆದರೆ ಸುಮಾರು ಐನೂರು ವರ್ಷಗಳ ಹಿಂದೆ, ಓದುವವಳೆಂಬ ಹೆಸರನ್ನು ಗೌರವವಾಗಿ ಕಲ್ಲಿನಲ್ಲಿ ಕೆತ್ತಿದರೆಂಬುದು ಮೂರನೆಯ ಬಗೆಯ ಮಾತಲ್ಲ, ಮೊದಲನೆಯ ಬಗೆಯದು.

ಮಕ್ಕಳೊಡನೆ ಹೋಗುವವರು ಈ ಕೆಳಗಿನ ಅಭ್ಯಾಸಗಳನ್ನು ಮಾಡಿಸಬಹುದು:

1. ನಡೆದ ದಿನ ಸಂಜೆ ಕೇಳಿದ ಹತ್ತು ಸಂಗತಿಗಳನ್ನು ಬರೆಯಿಸಿ, ಪ್ರತಿಯೊಂದರ ಮುಂದೆ ಅದು ಕಲ್ಲಿನ ಮಾತೋ, ಕಂಡವರ ಮಾತೋ, ಜನರ ಮಾತೋ ಎಂದು ಗುರುತು ಹಾಕಿಸಿರಿ.

2. ನರಸಿಂಹನ ಮೂರ್ತಿಯ ಬಳಿಯಲ್ಲಿ ಲಕ್ಷ್ಮಿಯ ಕೈಯನ್ನು ನೀವೇ ತೋರಿಸದೆ, ಮಕ್ಕಳು ತಾವಾಗಿ ಹುಡುಕುವ ತನಕ ಕಾದಿರಿ.

3. ಕಮಲ ಮಹಲ್ ಯಾವ ಕೆಲಸಕ್ಕೆ ಬಳಕೆಯಾಗಿದ್ದಿರಬಹುದೆಂದು ಮಕ್ಕಳನ್ನು ಕೇಳಿರಿ. ಉತ್ತರಕ್ಕೆ ಕಾರಣವನ್ನೂ ಕೇಳಿರಿ.

4. ವಿಠ್ಠಲನ ಗುಡಿಯಲ್ಲಿ ಮಾರ್ಗದರ್ಶಕರನ್ನು ಓದುವ ತಿರುಮಲಮ್ಮನ ಶಾಸನದ ವಿಷಯವಾಗಿ ವಿಚಾರಿಸಿರಿ. ಅವರಿಗೆ ಗೊತ್ತಿದ್ದರೆ ಕೇಳಿ ಸಂತೋಷಪಡಿರಿ; ಇಲ್ಲದಿದ್ದರೆ ನಿಮ್ಮ ಮಗಳೇ ಅವರಿಗೆ ಹೇಳಲಿ.