ಕೋರುಗಳ ಹಂಚಿಕೆ: ಹೆಚ್ಚು ಕೊಟ್ಟರೆ ಹೆಚ್ಚು ವೇಗವೇ?

ಒಂದು ಕಂಪ್ಯೂಟರಿನೊಳಗೆ ಇನ್ನೊಂದು ಕಂಪ್ಯೂಟರನ್ನು ನಡೆಸಬಹುದೆಂದರೆ ಹೆತ್ತವರಲ್ಲಿ ಕೆಲವರಿಗೆ ಆಶ್ಚರ್ಯವಾದೀತು. ಆದರೆ ನಮ್ಮ ಮಕ್ಕಳಲ್ಲಿ ಹಲವರು ಇದನ್ನು ಮನೆಯಲ್ಲಿ ಮಾಡುತ್ತಿದ್ದಾರೆ. ಕೇರಳದ ಶಾಲೆಗಳಲ್ಲಿ ಕೈಟ್ ಸಂಸ್ಥೆಯು ಸಿದ್ಧಪಡಿಸಿದ ಗ್ನೂ/ಲಿನಕ್ಸ್ ಬಳಕೆಯಲ್ಲಿದೆ. ಮನೆಯ ಕಂಪ್ಯೂಟರಿನಲ್ಲಾದರೋ ಸಾಮಾನ್ಯವಾಗಿ ವಿಂಡೋಸ್ ಇರುತ್ತದೆ. ಎಸ್.ಎಸ್.ಎಲ್.ಸಿ.ಯ ಐ.ಟಿ. ಪ್ರಾಯೋಗಿಕ ಪರೀಕ್ಷೆಗೆ ಅಭ್ಯಾಸ ಮಾಡಲು, ವಿಂಡೋಸನ್ನು ಅಳಿಸದೆ, ವರ್ಚುವಲ್‌ಬಾಕ್ಸ್ ಎಂಬ ತಂತ್ರಾಂಶದ ಮೂಲಕ ಅದರೊಳಗೇ ಲಿನಕ್ಸನ್ನು ನಡೆಸುತ್ತಾರೆ. ಅದು ನಿಧಾನವಾಯಿತೆಂದರೆ ಕೋರುಗಳ ಸಂಖ್ಯೆಯನ್ನು ಏರಿಸುತ್ತಾರೆ. ಆಗಲೂ ಸರಿಹೋಗದಿದ್ದರೆ ಹೊಸ ಕಂಪ್ಯೂಟರಿನ ಬೇಡಿಕೆ ಹೆತ್ತವರ ಮುಂದೆ ಬರುತ್ತದೆ. ಅಷ್ಟು ಹಣ ಖರ್ಚು ಮಾಡುವುದಕ್ಕೆ ಮೊದಲು, ಕೋರು ಹೆಚ್ಚಾದಂತೆ ವೇಗವೂ ಹೆಚ್ಚುತ್ತದೆಯೇ ಎಂಬುದನ್ನು ನಾವಿಲ್ಲಿ ವಿಚಾರಿಸೋಣ.

ಕಲ್ಪಿತ ಯಂತ್ರವೆಂದರೇನು?

ನಿಜವಾದ ಯಂತ್ರದ ಪ್ರೊಸೆಸರು, ಮೆಮೊರಿ, ಡಿಸ್ಕುಗಳಲ್ಲಿ ಒಂದೊಂದು ಪಾಲನ್ನು ತೆಗೆದುಕೊಂಡು, ಬೇರೊಂದು ಯಂತ್ರವೇ ಇದೆಯೆಂಬಂತೆ ತೋರಿಸುವ ಏರ್ಪಾಡಿಗೆ ವರ್ಚುವಲ್ ಮೆಷಿನ್ ಅಥವಾ ಕಲ್ಪಿತ ಯಂತ್ರವೆಂದು ಹೆಸರು. ಜಾಗ ಕೊಟ್ಟ ನಿಜಯಂತ್ರವು ಆತಿಥೇಯ. ಒಳಗೆ ನಡೆಯುವುದು ಅತಿಥಿ. ಇದು ಇತ್ತೀಚಿನ ಆಲೋಚನೆಯಲ್ಲ. ಅಮೆರಿಕದ ಐ.ಬಿ.ಎಂ. ಸಂಸ್ಥೆಯು 1972ರಲ್ಲಿಯೇ ವಿ.ಎಂ./370 ಎಂಬ ವ್ಯವಸ್ಥೆಯನ್ನು ಪ್ರಕಟಿಸಿ, ಒಂದೇ ದೊಡ್ಡ ಯಂತ್ರವನ್ನು ಅನೇಕರು ತಮ್ಮತಮ್ಮದೆಂಬಂತೆ ಬಳಸುವ ಅನುಕೂಲವನ್ನು ಒದಗಿಸಿತ್ತು.

ಪ್ರೊಸೆಸರಿನಲ್ಲಿ ಸ್ವತಂತ್ರವಾಗಿ ಕೆಲಸ ಮಾಡಬಲ್ಲ ಒಂದು ಘಟಕವೇ ಕೋರು. ಮನೆಬಳಕೆಯ ಕಂಪ್ಯೂಟರುಗಳಿಗೆ ಎರಡು ಕೋರುಗಳ ಪ್ರೊಸೆಸರು ಬಂದದ್ದು 2005ರಲ್ಲಿ. ಈಗ ನಾಲ್ಕು, ಆರು, ಎಂಟು ಕೋರುಗಳು ಸಾಮಾನ್ಯ. ಅತಿಥಿಗೆ ನಾವು ಎರಡು ಕೋರು ಕೊಟ್ಟೆವೆಂದರೆ ಎರಡು ಕೋರುಗಳನ್ನು ಕಿತ್ತು ಕೊಟ್ಟಂತಲ್ಲ. ಅತಿಥಿಯ ಕೋರುಗಳು ಕಲ್ಪಿತವಾದವು. ಅವು ಸರದಿಯಲ್ಲಿ ನಿಂತು, ನಿಜವಾದ ಕೋರು ತೆರವಾದಾಗ ಅದರ ಮೇಲೆ ಸ್ವಲ್ಪ ಹೊತ್ತು ಕೆಲಸ ಮಾಡಿ, ಮತ್ತೆ ಬಿಟ್ಟುಕೊಡುತ್ತವೆ. ಈ ಸರದಿಯ ವಿಷಯವನ್ನು ಚೆನ್ನಾಗಿ ನೆನಪಿಡಬೇಕು.

ವೇಗ ಏಕೆ ಏರುವುದಿಲ್ಲ?

ಮೊದಲನೆಯ ಕಾರಣ, ಎಲ್ಲ ಕೆಲಸವನ್ನೂ ಹಂಚಲು ಬರುವುದಿಲ್ಲ. ಮದುವೆಮನೆಯಲ್ಲಿ ಎಂಟು ಮಂದಿ ಕುಳಿತರೆ ತೆಂಗಿನಕಾಯಿ ತುರಿಯುವ ಕೆಲಸ ಬೇಗ ಮುಗಿಯುತ್ತದೆ. ಆದರೆ ಒಲೆಯ ಮೇಲಿನ ಪಾಯಸ ಕುದಿಯುವ ಹೊತ್ತನ್ನು ಎಂಟು ಮಂದಿ ಸುತ್ತ ನಿಂತರೂ ಕಡಿಮೆ ಮಾಡಲಾಗದು. ಜೀನ್ ಅಮ್ಡಾಲ್ ಎಂಬ ಕಂಪ್ಯೂಟರ್ ತಜ್ಞರು 1967ರಲ್ಲಿ ಮುಂದಿಟ್ಟ ವಿಚಾರವೂ ಇದೇ. ಒಂದು ಕೆಲಸಕ್ಕೆ ಒಂದು ಕೋರಿನಲ್ಲಿ 100 ನಿಮಿಷ ಬೇಕು. ಅದರಲ್ಲಿ 80 ನಿಮಿಷದ ಭಾಗವನ್ನು ಹಂಚಬಹುದು, 20 ನಿಮಿಷದ ಭಾಗವನ್ನು ಹಂಚಲಾಗದು ಎಂದಿಟ್ಟುಕೊಳ್ಳೋಣ. ಆಗ,

2 ಕೋರುಗಳಿದ್ದರೆ 20 + 40 = 60 ನಿಮಿಷ;
4 ಕೋರುಗಳಿದ್ದರೆ 20 + 20 = 40 ನಿಮಿಷ;
8 ಕೋರುಗಳಿದ್ದರೆ 20 + 10 = 30 ನಿಮಿಷ.

ಮೊದಲು ಒಂದು ಕೋರನ್ನು ಸೇರಿಸಿದಾಗ 40 ನಿಮಿಷ ಉಳಿಯಿತು. ಕೊನೆಗೆ ನಾಲ್ಕನ್ನು ಸೇರಿಸಿದರೂ ಉಳಿದದ್ದು 10 ನಿಮಿಷ ಮಾತ್ರ. ನೂರು ಕೋರುಗಳನ್ನು ಕೊಟ್ಟರೂ 20 ನಿಮಿಷಕ್ಕಿಂತ ಕಡಿಮೆಯಾಗದು. ನಾವು ಪಾಠದಲ್ಲಿ ಬರೆಯುವಂಥ ಸಣ್ಣ ಪೈಥಾನ್ ಪ್ರೋಗ್ರಾಮಂತೂ ಒಂದೇ ಕೋರಿನಲ್ಲಿ ನಡೆಯುತ್ತದೆ. ಉಳಿದ ಕೋರುಗಳಿಂದ ಅದಕ್ಕೆ ಪ್ರಯೋಜನವಿಲ್ಲ.

ಎರಡನೆಯ ಕಾರಣ, ಕಾಯುವಿಕೆ. ಪಲ್ಲಕ್ಕಿ ಹೊರಲು ನಾಲ್ವರು ಒಟ್ಟಿಗೆ ಬೇಕು. ಮೂವರು ಬಂದು ಒಬ್ಬನು ಬಾರದಿದ್ದರೆ ಪಲ್ಲಕ್ಕಿ ಏಳದು. ಒಂದೇ ದೊಡ್ಡ ಯಂತ್ರದಲ್ಲಿ ಹತ್ತಾರು ಅತಿಥಿಗಳನ್ನು ನಡೆಸಲು ವಿಎಂವೇರ್ ಸಂಸ್ಥೆಯು ತಯಾರಿಸಿದ ಇ.ಎಸ್.ಎಕ್ಸ್. ತಂತ್ರಾಂಶದ ಹಳೆಯ ಆವೃತ್ತಿಗಳಲ್ಲಿ ಹೀಗೆಯೇ ಇತ್ತು. ನಾಲ್ಕು ಕೋರುಗಳ ಅತಿಥಿಗೆ ನಾಲ್ಕು ನಿಜವಾದ ಕೋರುಗಳು ಒಮ್ಮೆಗೇ ತೆರವಾಗುವವರೆಗೆ ಕಾಯಬೇಕಾಗುತ್ತಿತ್ತು. 2006ರ ಮೂರನೆಯ ಆವೃತ್ತಿಯಲ್ಲಿ ಈ ನಿಯಮವನ್ನು ಸಡಿಲಿಸಿದರು.

ನಿಯಮ ಸಡಿಲವಾದರೂ ತೊಡಕು ಪೂರ್ತಿ ಹೋಗುವುದಿಲ್ಲ. ಉಗ್ರಾಣದ ಬೀಗದಕೈ ಹಿಡಿದವನು ನಿದ್ದೆ ಹೋದರೆ ಉಳಿದವರು ಬಾಗಿಲಲ್ಲಿ ನಿಲ್ಲಬೇಕಷ್ಟೆ. ಅದರಂತೆ, ಅತಿಥಿಯ ಒಂದು ಕಲ್ಪಿತ ಕೋರು ಹಂಚಿಕೆಯ ಮಾಹಿತಿಯೊಂದಕ್ಕೆ ಬೀಗ ಹಾಕಿಕೊಂಡಿರುವಾಗಲೇ ಅದರ ಸರದಿ ಮುಗಿದುಹೋಗಬಹುದು. ಆಗ ಅದೇ ಮಾಹಿತಿ ಬೇಕಾದ ಉಳಿದ ಕಲ್ಪಿತ ಕೋರುಗಳು "ತೆರೆಯಿತೇ, ತೆರೆಯಿತೇ" ಎಂದು ವಿಚಾರಿಸುತ್ತ, ನಿಜವಾದ ಕೋರಿನ ಹೊತ್ತನ್ನು ವ್ಯರ್ಥವಾಗಿ ಕಳೆಯುತ್ತವೆ. ಕಲ್ಪಿತ ಕೋರುಗಳು ನಿಜವಾದ ಕೋರುಗಳಿಗಿಂತ ಹೆಚ್ಚಾದಷ್ಟೂ ಈ ನಷ್ಟಕ್ಕೆ ಅವಕಾಶ ಹೆಚ್ಚು.

ಮೂರನೆಯದಾಗಿ, ಆತಿಥೇಯನ ಹಸಿವನ್ನೂ ಗಮನಿಸಬೇಕು. ಪರದೆ, ಡಿಸ್ಕು, ಮೌಸುಗಳನ್ನು ನೋಡಿಕೊಳ್ಳುವುದು ಹೊರಗಿನ ವಿಂಡೋಸೇ. ಎಲ್ಲ ಕೋರುಗಳನ್ನೂ ಅತಿಥಿಗೆ ಬಡಿಸಿದರೆ ಮನೆಯವನು ಉಪವಾಸ ಬೀಳುತ್ತಾನೆ. ಅವನು ಸೋತರೆ ಅತಿಥಿಯ ಉಪಚಾರವೂ ನಿಲ್ಲುತ್ತದೆ.

ಎಷ್ಟು ಕೊಡಬೇಕು?

ವಿಂಡೋಸಿನ ಟಾಸ್ಕ್ ಮ್ಯಾನೇಜರಿನಲ್ಲಿ ಕೋರು 4, ಲಾಜಿಕಲ್ ಪ್ರೊಸೆಸರ್ 8 ಎಂದು ತೋರಿಸುವುದುಂಟು. ಒಂದು ಕೋರು ಎರಡರಂತೆ ಕಾಣಿಸಿಕೊಳ್ಳುವುದೇ ಇದಕ್ಕೆ ಕಾರಣ. ನಮ್ಮ ಲೆಕ್ಕಕ್ಕೆ ಹಿಡಿಯಬೇಕಾದದ್ದು 4, 8 ಅಲ್ಲ. ನಿಜವಾದ ಕೋರುಗಳಿಗಿಂತ ಹೆಚ್ಚನ್ನು ಕೊಡಬಾರದೆಂದು ವರ್ಚುವಲ್‌ಬಾಕ್ಸಿನ ಕೈಪಿಡಿಯೂ ಹೇಳುತ್ತದೆ. ಪ್ರೊಸೆಸರ್ ಆಯ್ಕೆಯ ಪಟ್ಟಿಯಲ್ಲಿ ಹಸಿರು ಮತ್ತು ಕೆಂಪು ಭಾಗಗಳಿರುವುದು ಎಚ್ಚರಿಕೆಗಾಗಿಯೇ. ನಾಲ್ಕು ಕೋರುಗಳ ಯಂತ್ರದಲ್ಲಿ ಶಾಲಾ ಅಭ್ಯಾಸಕ್ಕೆ ಎರಡು ಕೊಟ್ಟು ಆರಂಭಿಸುವುದು ಒಳ್ಳೆಯದು. ಒಂದು ಪ್ರೋಗ್ರಾಮು ದುಡಿಯುತ್ತಿರುವಾಗ ಪರದೆಯನ್ನು ನೋಡಿಕೊಳ್ಳಲು ಇನ್ನೊಂದು ಕೋರು ಇರುತ್ತದೆ. ವೀಡಿಯೊ ಸಿದ್ಧಪಡಿಸುವಂಥ, ಹಂಚಲು ಬರುವ ಭಾರದ ಕೆಲಸವಿದ್ದರೆ ಮೂರನೆಯದನ್ನು ಕೊಟ್ಟು ನೋಡಬಹುದು.

ಊಹೆಗಿಂತ ಅಳತೆ ಮೇಲು. ಲಿನಕ್ಸಿನೊಳಗೆ ಸಿಸ್ಟಮ್ ಮಾನಿಟರನ್ನು ತೆರೆದು, ಕೆಲಸ ನಿಧಾನವಾದ ಹೊತ್ತಿನಲ್ಲಿಯೇ ನೋಡಿರಿ. ಎಲ್ಲ ಕೋರುಗಳೂ ಬಿಡುವಿಲ್ಲದೆ ದುಡಿಯುತ್ತಿದ್ದರೆ ಮಾತ್ರ ಇನ್ನೊಂದು ಕೋರಿನಿಂದ ಉಪಯೋಗವಾದೀತು. ಕೋರುಗಳು ಸುಮ್ಮನಿದ್ದೂ ಕೆಲಸ ಸಾಗದಿದ್ದರೆ ಕೊರತೆ ಮೆಮೊರಿಯಲ್ಲೋ ಡಿಸ್ಕಿನಲ್ಲೋ ಇರಬಹುದು. ಹಾಗಿರುವಾಗ ಕೋರು ಏರಿಸುವುದು, ಹೊಟ್ಟೆನೋವಿಗೆ ತಲೆಗೆ ಎಣ್ಣೆ ಹಚ್ಚಿದಂತೆ.

ಹೆತ್ತವರೂ ಇದನ್ನು ಗಮನಿಸಬೇಕು. ಹೊಸ ಯಂತ್ರ ಬೇಕೆಂಬ ಮಾತು ಬಂದಾಗ, ಮೊದಲು ಅಳತೆಯ ಪಟ್ಟಿಯನ್ನು ಕೇಳಿರಿ. ಕೋರುಗಳ ಸಂಖ್ಯೆಯನ್ನು ಇಳಿಸಿದ್ದರಿಂದಲೇ ಹಳೆಯ ಯಂತ್ರ ಚುರುಕಾದರೆ ಅಷ್ಟು ಹಣ ಉಳಿಯಿತು. ಮೆಮೊರಿಯ ಕೊರತೆಯೆಂದು ತಿಳಿದರೆ ಅದನ್ನಷ್ಟೇ ಹೆಚ್ಚಿಸಲಾದೀತೇ ಎಂದು ವಿಚಾರಿಸಬಹುದು. ಪಟ್ಟಿಯನ್ನು ಬರೆದ ಮಗುವಿಗೆ, ಕೊರತೆ ಎಲ್ಲಿದೆಯೆಂದು ಹುಡುಕಿ ತಿಳಿಯುವ ಅಭ್ಯಾಸವೂ ಆಗುತ್ತದೆ.

ಅಭ್ಯಾಸ

1. ಒಂದು ಕೆಲಸಕ್ಕೆ 60 ನಿಮಿಷ ಬೇಕು. ಅದರಲ್ಲಿ 15 ನಿಮಿಷದ ಭಾಗವನ್ನು ಹಂಚಲಾಗದು. 3 ಕೋರುಗಳಿದ್ದರೆ ಎಷ್ಟು ಹೊತ್ತು? 9 ಇದ್ದರೆ?
2. ಅತಿಥಿ ಯಂತ್ರವನ್ನು ಪೂರ್ತಿ ನಿಲ್ಲಿಸಿ, ಕೋರುಗಳ ಸಂಖ್ಯೆಯನ್ನು 1, 2, 3 ಎಂದು ಬದಲಿಸಿರಿ. ಪ್ರತಿ ಸಲವೂ ಒಂದೇ ಕೆಲಸವನ್ನು ಮೂರು ಬಾರಿ ಮಾಡಿ, ತಗಲಿದ ಸಮಯವನ್ನು ಪಟ್ಟಿಮಾಡಿರಿ.
3. ನಿಮ್ಮ ಮನೆಯ ಕೆಲಸಗಳಲ್ಲಿ ಹಂಚಲು ಬರುವ ಮೂರನ್ನೂ ಹಂಚಲು ಬಾರದ ಮೂರನ್ನೂ ಬರೆಯಿರಿ.

(ಮೊದಲನೆಯ ಲೆಕ್ಕದ ಉತ್ತರ: 30 ನಿಮಿಷ, 20 ನಿಮಿಷ.)