ಹಳ್ಳಿ ದಾರಿಗೆ ಯಾವ ಗಾಡಿ? ಲೆಕ್ಕ ಹಾಕಿ ನೋಡೋಣ

ಸೆಮಿಸ್ಟರ್ ಮುಗಿಯೋದೇ ತಡ, ನಮ್ಮ ಹಾಸ್ಟೆಲ್‌ನಲ್ಲಿ ಗಾಡಿ ಚರ್ಚೆ ಶುರುವಾಗುತ್ತದೆ. "ಎಷ್ಟ್ ಸಿಸಿ ಐತಿ?" ಅನ್ನೋದು ಮೊದಲನೇ ಪ್ರಶ್ನೆ, "ಟಾಪ್ ಎಷ್ಟ್ ಹೊಡೀತೈತಿ?" ಅನ್ನೋದು ಎರಡನೇದು. ಆದರೆ ನಮ್ಮಲ್ಲಿ ಬಹಳ ಮಂದಿಗೆ ಗಾಡಿ ಬೇಕಾಗಿರುವುದು ರೇಸಿಗಲ್ಲ. ಭಾನುವಾರ ಅಣ್ಣಿಗೇರಿಯ ಅಮೃತೇಶ್ವರ ಗುಡಿಗೋ ಕುಂದಗೋಳದ ಶಂಭುಲಿಂಗ ಗುಡಿಗೋ ಸಾವಕಾಶ ಹೋಗಿ ಬರೋದು, ಕಲಘಟಗಿ ಕಡೆ ತಂಬೂರಿನ ಕೆರೆ ದಂಡೆಗೆ ಬುತ್ತಿ ಕಟ್ಟಿಕೊಂಡು ಹೋಗೋದು, ರಜೆಯಲ್ಲಿ ಅವ್ವನ್ನ ಸಂತೆಗೆ ಕರಕೊಂಡು ಹೋಗೋದು. ಇಂಥ ಓಡಾಟಕ್ಕೆ ಗಾಡಿ ಆರಿಸಲು ಯೂಟ್ಯೂಬ್ ರಿವ್ಯೂ ಬೇಕಿಲ್ಲ, ನಾವು ಮೊದಲ ವರ್ಷ ಓದಿದ ಮೆಕ್ಯಾನಿಕ್ಸ್ ಸಾಕು. ಆ ಲೆಕ್ಕವನ್ನೇ ಇಲ್ಲಿ ಹಾಕಿದ್ದೇವೆ.

ಮೊದಲು ದಾರಿ ನೋಡ್ರಿ

ಒಂದೇ ಜಿಲ್ಲೆ, ಆದರೆ ದಾರಿ ಎರಡು ಥರ. ನವಲಗುಂದ, ಅಣ್ಣಿಗೇರಿ, ಕುಂದಗೋಳದ ಕಡೆ ಬಹುಪಾಲು ಎರಿ ಭೂಮಿ. ಈ ಮಣ್ಣಿನಲ್ಲಿ ಮಾಂಟ್‌ಮೊರಿಲೊನೈಟ್ ಎಂಬ ಜೇಡಿ ಖನಿಜ ಹೆಚ್ಚು. ಅದು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಬಿರುಕು ಬಿಡುತ್ತದೆ. ಹಾಗಾಗಿ ಮೇಲೆ ಟಾರು ಹಾಕಿದ್ದರೂ ರಸ್ತೆ ಅಲೆ ಅಲೆಯಾಗಿ ಏಳುತ್ತದೆ, ಅಂಚು ಕುಸಿಯುತ್ತದೆ. ಟಾರು ಬಿಟ್ಟು ಚಕ್ಕಡಿ ದಾರಿಗೆ ಇಳಿದರೆ ಬ್ಯಾಸಗಿಯಲ್ಲಿ ಪುಡಿಪುಡಿ ಧೂಳು, ಮಳೆಯಲ್ಲಿ ಅಂಟಿನಂಥ ಕೆಸರು.

ಕಲಘಟಗಿ ಮಲೆನಾಡಿನ ಸೆರಗು. ಅಲ್ಲಿ ಕೆಂಪು ಮಣ್ಣು ಹೆಚ್ಚು, ಮಳೆ ಹೆಚ್ಚು, ಏರಿಳಿವು ಮತ್ತು ತಿರುವು ಕೂಡ ಹೆಚ್ಚು. ತಿರುವಿನಾಚೆ ಕಬ್ಬಿನ ಟ್ರ್ಯಾಕ್ಟರ್ ನಿಂತಿರಬಹುದು, ದನ ನಿಂತಿರಬಹುದು. ಎರಡೂ ಕಡೆ ಸಾವಕಾಶದ ವೇಗ ಅಂದರೆ ಗಂಟೆಗೆ 30ರಿಂದ 50 ಕಿ.ಮೀ. ಮುಂದಿನ ಲೆಕ್ಕಕ್ಕೆ ಇದೇ ಆಧಾರ.

ಎಷ್ಟು ಪವರ್ ಬೇಕು?

ಪವರ್ ಎಂದರೆ ಬಲ ಗುಣಿಲೇ ವೇಗ. ಸಮತಟ್ಟು ದಾರಿಯಲ್ಲಿ ಗಾಡಿಯನ್ನು ಎರಡು ಬಲಗಳು ತಡೆಯುತ್ತವೆ: ಟೈರಿನ ಉರುಳು ಘರ್ಷಣೆ ಮತ್ತು ಗಾಳಿ. 112 ಕೆ.ಜಿ.ಯ ಸ್ಪ್ಲೆಂಡರ್ ಮೇಲೆ 65 ಕೆ.ಜಿ.ಯ ಇಬ್ಬರು ಕೂತರೆ ಒಟ್ಟು 242 ಕೆ.ಜಿ. ಟಾರು ರಸ್ತೆಯ ಉರುಳು ಘರ್ಷಣಾಂಕ 0.02 ಅಂತ ಹಿಡಿದರೆ ತಡೆ ಸುಮಾರು 47 ನ್ಯೂಟನ್. ಗಾಳಿಯ ತಡೆಗೆ ಡ್ರ್ಯಾಗ್ ಗುಣಾಂಕ ಮತ್ತು ಎದುರಿನ ವಿಸ್ತೀರ್ಣದ ಗುಣಲಬ್ಧ 0.6 ಚದರ ಮೀಟರ್ ಅಂತ ಇಟ್ಟುಕೊಳ್ಳೋಣ. ಆಗ ಚಕ್ರದ ಬಳಿ ಬೇಕಾಗುವ ಪವರ್ ಹೀಗಿದೆ:

- ಟಾರು ರಸ್ತೆ, 40 ಕಿ.ಮೀ. ವೇಗ: ಸುಮಾರು 1.4 ಎಚ್‌ಪಿ
- ಅದೇ ವೇಗದಲ್ಲಿ ಹತ್ತಕ್ಕೆ ಒಂದರ ಏರು: ಸುಮಾರು 5 ಎಚ್‌ಪಿ
- ಸಡಿಲ ಮಣ್ಣಿನ ದಾರಿ (ಘರ್ಷಣಾಂಕ 0.1), 20 ಕಿ.ಮೀ. ವೇಗ: ಸುಮಾರು 2 ಎಚ್‌ಪಿ
- ಟಾರು ರಸ್ತೆ, 100 ಕಿ.ಮೀ. ವೇಗ: ಸುಮಾರು 12 ಎಚ್‌ಪಿ

ನಾಲ್ಕನೇ ಸಾಲು ಹೈವೇದ್ದು, ಹಳ್ಳಿ ದಾರಿಯದಲ್ಲ. ಮೊದಲ ಮೂರೂ ಸಾಲುಗಳಿಗೆ 97.2 ಸಿಸಿಯ, ಸುಮಾರು 8 ಎಚ್‌ಪಿಯ ಎಂಜಿನ್ನು ಸಾಕಾಗಿ ಉಳಿಯುತ್ತದೆ. ಅಂದಮ್ಯಾಲೆ "ಎಷ್ಟ್ ಸಿಸಿ?" ಅನ್ನೋದು ಇಲ್ಲಿ ಮೊದಲನೇ ಪ್ರಶ್ನೆ ಆಗೋದೇ ಇಲ್ಲ.

ಟಾರ್ಕ್ ಎಲ್ಲಿ ಸಿಗುತ್ತದೆ?

ಎಷ್ಟು ಟಾರ್ಕ್ ಇದೆ ಅನ್ನುವುದಕ್ಕಿಂತ ಯಾವ ಆರ್‌ಪಿಎಂನಲ್ಲಿ ಸಿಗುತ್ತದೆ ಅನ್ನುವುದು ಇಲ್ಲಿ ಮುಖ್ಯ. ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350 ತನ್ನ ಗರಿಷ್ಠ 27 ನ್ಯೂಟನ್ ಮೀಟರ್ ಟಾರ್ಕನ್ನು 4,000 ಆರ್‌ಪಿಎಂನಲ್ಲೇ ಕೊಡುತ್ತದೆ. ಕೆಟಿಎಂ ಡ್ಯೂಕ್ 200ರ ಟಾರ್ಕು ಸುಮಾರು 19, ಅದೂ 8,000 ಆರ್‌ಪಿಎಂ ಆಸುಪಾಸಿನಲ್ಲಿ. ಅದರ ಗರಿಷ್ಠ ಪವರ್ ಸಿಗಲು 10,000 ಮುಟ್ಟಬೇಕು. ಎಮ್ಮೆಗಳ ಹಿಂದೆ 25 ಕಿ.ಮೀ. ವೇಗದಲ್ಲಿ ಹೋಗುವಾಗ ಎಂಜಿನ್ನು 3,000ದ ಸುತ್ತಮುತ್ತ ತಿರುಗುತ್ತಿರುತ್ತದೆ. ಆಗ ಮೊದಲನೇ ಗಾಡಿ ಮೂರನೇ ಗೇರಿನಲ್ಲೇ ಸುಮ್ಮನೆ ಎಳೆಯುತ್ತದೆ. ಎರಡನೇದಕ್ಕೆ ಪದೇ ಪದೇ ಗೇರ್ ಇಳಿಸಬೇಕು, ಕ್ಲಚ್ ಹಿಡಿಯಬೇಕು. ಡ್ಯೂಕ್ ಕೆಟ್ಟ ಗಾಡಿ ಅಂತ ಅಲ್ಲ, ಅದನ್ನು ಮಾಡಿದ ಕೆಲಸ ಬೇರೆ, ಅಷ್ಟೇ.

ತೂಕ, ಸೀಟು, ಮಡ್‌ಗಾರ್ಡು

ಹಂಗಾದ್ರ ಕ್ಲಾಸಿಕ್ಕೇ ತಗೋಳೋಣ ಅಂತೀರಾ? ತಡೀರಿ. ಅದರ ತೂಕ 195 ಕೆ.ಜಿ. ಟಾರಿನ ಮೇಲೆ ಈ ತೂಕ ಗೊತ್ತಾಗುವುದಿಲ್ಲ. ಆದರೆ ಎರಿ ಕೆಸರಿನಲ್ಲಿ ಹಿಂದಿನ ಚಕ್ರ ಹೂತಾಗ ಒಬ್ಬರೇ ಎತ್ತಲಾಗುವುದಿಲ್ಲ. ಸ್ಪ್ಲೆಂಡರಿಗೂ ಇದಕ್ಕೂ ಇರುವ 83 ಕೆ.ಜಿ. ವ್ಯತ್ಯಾಸ ಅಂದರೆ ಒಂದೂವರೆ ಚೀಲಕ್ಕಿಂತ ಹೆಚ್ಚು ಸಿಮೆಂಟು.

ಸೀಟಿನ ಎತ್ತರ ಕೂಡ ನೋಡಬೇಕು. ಸ್ಪ್ಲೆಂಡರ್ 785, ಕ್ಲಾಸಿಕ್ 805, ಹೀರೊ ಎಕ್ಸ್‌ಪಲ್ಸ್ 200 4ವಿ 825 ಮಿ.ಮೀ. ಎದುರಿಗೆ ಬಸ್ ಬಂದಾಗ ರಸ್ತೆ ಅಂಚಿಗೆ ಇಳಿದು ನಿಲ್ಲಬೇಕಾಗುತ್ತದೆ. ಅಲ್ಲಿ ಒಂದು ಕಡೆ ನೆಲ ಎರಡು ಮೂರು ಇಂಚು ತಗ್ಗಿರುತ್ತದೆ. ಕಾಲು ಮುಟ್ಟಲಿಲ್ಲ ಅಂದರೆ ಗಾಡಿ ಹೊರಳಿತು ಅಂತಲೇ ತಿಳೀರಿ.

ಆದರೆ ಎಕ್ಸ್‌ಪಲ್ಸ್‌ಗೆ ಬೇರೆ ಲಾಭಗಳಿವೆ. ನೆಲದಿಂದ 220 ಮಿ.ಮೀ. ಅಂತರ (ಸ್ಪ್ಲೆಂಡರಿಗೆ 165), ಮುಂದೆ 21 ಇಂಚಿನ ಚಕ್ರ. ಚಕ್ರ ದೊಡ್ಡದಾದಷ್ಟೂ ತಗ್ಗಿನ ಅಂಚನ್ನು ಕಡಿಮೆ ಬಲದಲ್ಲಿ ಏರುತ್ತದೆ. ಮೊದಲ ವರ್ಷದ ಪುಸ್ತಕದಲ್ಲಿ ಇರುವ, ರೋಲರನ್ನು ಮೆಟ್ಟಿಲು ಹತ್ತಿಸುವ ಲೆಕ್ಕವೇ ಇದು.

ಇನ್ನು ಮುಂದಿನ ಮಡ್‌ಗಾರ್ಡು. ಟೈರಿಗೆ ಅಂಟಿಕೊಂಡಂತೆ ಇದ್ದರೆ ಎರಿ ಕೆಸರು ನಡುವೆ ತುಂಬಿ ಗಟ್ಟಿಯಾಗಿ ಚಕ್ರವೇ ತಿರುಗುವುದಿಲ್ಲ. ಎಂಜಿನ್ನಿಗೆ ಎಷ್ಟೇ ಪವರ್ ಇದ್ದರೂ ಆಗ ಉಪಯೋಗಕ್ಕೆ ಬರುವುದು ಕೈಯಲ್ಲಿರುವ ಕಟ್ಟಿಗೆ ತುಂಡು ಮಾತ್ರ. ಅದಕ್ಕೇ ಹಸಿ ಎರಿ ದಾರಿಗೆ ಗಾಡಿ ಇಳಿಸದೇ ಇರುವುದು ಎಲ್ಲಕ್ಕಿಂತ ಜಾಣತನ.

ನಿಲ್ಲುವ ಲೆಕ್ಕ

ಓಡುವ ಲೆಕ್ಕಕ್ಕಿಂತ ನಿಲ್ಲುವ ಲೆಕ್ಕ ದೊಡ್ಡದು, ಯಾಕಂದ್ರ ಜೀವದ ಪ್ರಶ್ನೆ ಇರುವುದು ಇಲ್ಲಿ. ಬ್ರೇಕ್ ಹಿಡಿದ ಮೇಲೆ ಗಾಡಿ ಸರಿಯುವ ದೂರ ವೇಗದ ವರ್ಗಕ್ಕೆ ತಕ್ಕಂತೆ ಬೆಳೆಯುತ್ತದೆ. ಒಣ ಟಾರಿನ ಘರ್ಷಣಾಂಕ 0.7 ಅಂತ ಹಿಡಿದರೆ 40 ಕಿ.ಮೀ. ವೇಗದಲ್ಲಿ ಸುಮಾರು 9 ಮೀಟರ್, 60ರಲ್ಲಿ ಸುಮಾರು 20. ಗರಸು, ಮರಳು ಚೆಲ್ಲಿದ ಕಡೆ 0.3 ಅಂತ ಹಿಡಿದರೆ 21 ಮತ್ತು 47 ಮೀಟರ್. ನಾವು ಬೆಚ್ಚಿ ಬ್ರೇಕ್ ಹಿಡಿಯುವ ಮೊದಲು ಹೋಗುವ ದೂರ ಇದಕ್ಕೆ ಸೇರಿಲ್ಲ.

ನಮ್ಮ ಕಡೆ ಇನ್ನೊಂದು ಅಪಾಯ ಉಂಟು. ಸುಗ್ಗಿಯಲ್ಲಿ ರಸ್ತೆ ಮೇಲೆಯೇ ರಾಶಿ ಹರವಿರುತ್ತಾರೆ. ಹೆಸರು, ಕಡಲೆ ಕಾಳುಗಳು ಟೈರಿನಡಿ ಬಾಲ್ ಬೇರಿಂಗ್ ಇದ್ದ ಹಾಗೆ. ಅದರ ಮೇಲೆ ಬ್ರೇಕೂ ಬೇಡ, ತಿರುವೂ ಬೇಡ. ಮೊದಲೇ ವೇಗ ಇಳಿಸಿ ನೆಟ್ಟಗೆ ದಾಟಿ ಹೋಗಬೇಕು. ಏಪ್ರಿಲ್ 2019ರಿಂದ 125 ಸಿಸಿ ಮೇಲಿನ ಗಾಡಿಗಳಿಗೆ ಎಬಿಎಸ್ ಕಡ್ಡಾಯ. ಅದು ಚಕ್ರ ಲಾಕ್ ಆಗದಂತೆ ನೋಡಿಕೊಳ್ಳುತ್ತದೆ, ಇಲ್ಲದ ಘರ್ಷಣೆಯನ್ನು ಹುಟ್ಟಿಸುವುದಿಲ್ಲ. ಬೆಣ್ಣಿಹಳ್ಳ ಸೇತುವೆ ಮೇಲೆ ಹರಿಯುತ್ತಿದ್ದರೆ ಯಾವ ಗಾಡಿಯೂ ಬೇಡ, ಹಿಂದಕ್ಕೆ ಹೊರಳಿಸ್ರಿ. ಹರಿಯುವ ನೀರಿನ ನೂಕೂ ವೇಗದ ವರ್ಗದಂತೆಯೇ ಬೆಳೆಯುತ್ತದೆ.

ದುಡ್ಡಿನ ಲೆಕ್ಕ

ನಮ್ಮಲ್ಲಿ ಹೆಚ್ಚಿನವರ ಗಾಡಿಗೆ ದುಡ್ಡು ಬರುವುದು ಅಪ್ಪಾರ ಮೆಣಸಿನಕಾಯಿ, ಹತ್ತಿ, ಹೆಸರಿನ ಪಟ್ಟಿಯಿಂದ. ದೊಡ್ಡ ಗಾಡಿಯ ಆಸೆಗೆ 1 ಲಕ್ಷ ಹೆಚ್ಚಿಗೆ ಸಾಲ ಮಾಡಿದರೆ, ಶೇ. 10 ಬಡ್ಡಿಯಲ್ಲಿ 36 ತಿಂಗಳಿಗೆ ಕಂತು ಸುಮಾರು 3,227 ರೂಪಾಯಿ. ಒಟ್ಟು ಕಟ್ಟುವುದು 1,16,000ಕ್ಕೂ ಮೇಲೆ. ತಿಂಗಳಿಗೆ 600 ಕಿ.ಮೀ. ಓಡಿಸುವವರಿಗೆ ಲೀಟರಿಗೆ 60 ಕಿ.ಮೀ. ಕೊಡುವ ಗಾಡಿಯಲ್ಲಿ 10 ಲೀಟರ್ ಪೆಟ್ರೋಲ್ ಬೇಕು, 35 ಕೊಡುವುದರಲ್ಲಿ 17 ಲೀಟರ್. ಮಳೆ ಕೈಕೊಟ್ಟ ವರ್ಷವೂ ಕಂತು ನಿಲ್ಲುವುದಿಲ್ಲ.

ರಿಪೇರಿಯ ಮಾತೂ ಇದೆ. 1994ರಲ್ಲಿ ಬಂದ ಸ್ಪ್ಲೆಂಡರಿನ ಬಿಡಿಭಾಗ ಸಣ್ಣ ಊರಿನಲ್ಲೂ ಸಿಗುತ್ತದೆ, ಕೈಯಿಡುವ ಮಿಸ್ತ್ರಿಯೂ ಸಿಗುತ್ತಾನೆ. 1996ರಲ್ಲಿ ಮೈಸೂರಿನ ಕಾರ್ಖಾನೆ ಮುಚ್ಚಿದ ಮೇಲೆ ಹಳೇ ಯೆಜ್ಡಿ ಇಟ್ಟುಕೊಂಡವರು ಬಿಡಿಭಾಗ ಹುಡುಕಿಕೊಂಡೇ ಓಡಾಡಬೇಕಾಗಿದೆ. ಸದ್ದಿಗೆ ಮನಸೋತು ಹಳೇ ಗಾಡಿ ತಗೊಳ್ಳುವ ಮೊದಲು ಇದು ನೆನಪಿರಲಿ.

ತಗೊಳ್ಳೋ ಮೊದಲು ಇಷ್ಟು ಮಾಡ್ರಿ

1. ಶೋರೂಮಿನ ನುಣುಪು ನೆಲದ ಮೇಲೆ ಅಲ್ಲ, ರಸ್ತೆ ಅಂಚಿನಲ್ಲಿ ಕೂತು ಎರಡೂ ಕಾಲು ಊರಿ ನೋಡ್ರಿ.
2. ಎಂಜಿನ್ ಬಂದ್ ಮಾಡಿ ಗಾಡಿಯನ್ನು ಹಿಂದಕ್ಕೆ ಹತ್ತು ಹೆಜ್ಜೆ ನೂಕಿ.
3. ಮೂರನೇ ಗೇರಿನಲ್ಲಿ 25 ಕಿ.ಮೀ. ವೇಗದಿಂದ ನಿಧಾನವಾಗಿ ಆಕ್ಸಿಲರೇಟರ್ ಕೊಡಿ. ಜರ್ಕ್ ಹೊಡೆಯದೆ ಏರಬೇಕು.
4. ಮುಂದಿನ ಟೈರು ಮತ್ತು ಮಡ್‌ಗಾರ್ಡಿನ ನಡುವೆ ಎರಡು ಬೆರಳು ಹೋಗುತ್ತವೆಯೇ ನೋಡಿ.
5. ಹಿಂದೆ ಯಾರನ್ನಾದರೂ ಕೂಡಿಸಿಕೊಂಡು ಹೋಗಿ. ಅವ್ವ ಸೀರೆ ಉಟ್ಟು ಕೂಡಲು ಬರುತ್ತದೆಯೇ, ಸೀರೆ ಗಾರ್ಡ್ ಇದೆಯೇ?
6. ನಿಮ್ಮ ತಾಲೂಕಿನಲ್ಲಿ ಅದನ್ನು ರಿಪೇರಿ ಮಾಡುವವರು ಯಾರಿದ್ದಾರೆ ಅಂತ ಕೇಳಿ ಬನ್ನಿ.

ಮನೆ ಕೆಲಸಕ್ಕೂ ಓಡಾಟಕ್ಕೂ ಒಂದೇ ಗಾಡಿ ಅಂದರೆ 100ರಿಂದ 125 ಸಿಸಿಯದು ಸಾಕು. ವಾರಕ್ಕೆ ನಾಲ್ಕು ದಿನ ಹೊಲದ ದಾರಿ ಇದ್ದು, ಕಾಲೂ ಮುಟ್ಟುವಂತಿದ್ದರೆ ಎಕ್ಸ್‌ಪಲ್ಸ್ ಥರದ್ದು. ಟಾರು ಬಿಟ್ಟು ಇಳಿಯುವುದಿಲ್ಲ, ಇಬ್ಬರು ಕೂತು ದೂರ ಹೋಗಬೇಕು, ದುಡ್ಡಿಗೂ ತೊಂದರೆ ಇಲ್ಲ ಅನ್ನುವವರಿಗೆ 350. ಯಾವುದೇ ತಗೊಂಡರೂ ಹೆಲ್ಮೆಟ್ ಎರಡು ಇರಲಿ. ಲೈಟಿಲ್ಲದ ಟ್ರೇಲರ್‌ಗಳು ರಸ್ತೆಗೆ ಇಳಿಯುವ ಹೊತ್ತಾಗುವ ಮೊದಲೇ, ದೀಪ ಹಚ್ಚೋದರೊಳಗ, ಮನೆ ಸೇರ್ಕೊಳ್ರಿ.